ರುಕ್ಮಿಣಿ ಯಾರ ಕಡೆ?

ಕರ್ರ್... ಕರ್ರ್... ಕರ್ರ್! ಅರಸೀಕೆರೆಯ ಕಂಪ್ಯೂಟರ್ ಸೆಂಟರಿನ ಪ್ರಿಂಟರ್ ಹೀಗೆ ಕಿರುಚಿದಾಗಲೆಲ್ಲ ನನ್ನ ಎದೆ ಹೆಮ್ಮೆಯಿಂದ ಉಬ್ಬುತ್ತಿತ್ತು. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಟೀಚರಾಗಿ ರಿಟೈರ್ ಆದ ಮೇಲೆ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದೆ. ಅದರಲ್ಲಿ ಆಗಷ್ಟೇ ಎನಮ್ ಎಂಬುದು ಬಂದಿತ್ತು. ಒಂದು ವಿಷಯಕ್ಕೆ ಇಷ್ಟೇ ಉತ್ತರಗಳು ಎಂದು ಮೊದಲೇ ಹೆಸರಿಟ್ಟು ಬಾಗಿಲು ಹಾಕಿಬಿಡುವುದು. ವೆರಿ ನೀಟ್!

ಅಷ್ಟರಲ್ಲಿ ನನ್ನ ಸ್ಕೂಲಿನ ಕ್ಲಾಸ್‌ಮೇಟ್, ಹಳೇಬೀಡಿನ ರುಕ್ಮಿಣಿ ಬಂದಳು. "ಮಗನ ಮದುವೆ ಕಣೇ. ಹೋದ ಮದುವೇಲಿ ಛತ್ರದ ರೂಮಿಗೆ ಜಗಳ ಆಗಿ ನನ್ನ ತಂಗಿ ಇನ್ನೂ ಮಾತು ಬಿಟ್ಟಿದ್ದಾಳೆ. ಈ ಸಲ ನಿನ್ನ ಕಂಪ್ಯೂಟರೇ ಹಂಚಲಿ. ಅದರ ಮೇಲೆ ಯಾರು ಮುನಿಸ್ಕೊಳ್ತಾರೆ?"

"ಲೀವ್ ಇಟ್ ಟು ಮಿ!" ಎಂದೆ.

ಎನಮ್‌ನಲ್ಲಿ ಎರಡೇ ಹೆಸರು ಇಟ್ಟೆ: ಗಂಡಿನ ಕಡೆ, ಹೆಣ್ಣಿನ ಕಡೆ. ಗಂಡಿನವರಿಗೆ ಮಹಡಿ, ಹೆಣ್ಣಿನವರಿಗೆ ಕೆಳಗೆ. ಮಿಕ್ಕವರಿಗೆಲ್ಲ, ಅಂದರೆ ಯಾವ ಕಡೆಗೂ ಸೇರದೆ ಊಟಕ್ಕೆ ನುಗ್ಗುವವರಿಗೆ, 'ರೂಮ್ ಇಲ್ಲ'!

ಹೆಸರು ತುಂಬಿಸಲು ಕುಳಿತೆವು. "ಮೊದಲು ನೀನು. ಗಂಡಿನ ಕಡೆ ತಾನೇ?"

"ಹೂಂ. ಹೆಣ್ಣಿನ ಕಡೇನೂ ನಾನೇ. ಹುಡುಗಿ ನನ್ನ ಮಗಳ ಮಗಳಲ್ವೇನೇ?"

ಸೋದರಮಾವನಿಗೇ ಕೊಡುವ ಮದುವೆ ಎಂಬುದು ಪ್ರೋಗ್ರಾಮಿನ ಭರದಲ್ಲಿ ಮರೆತೇ ಹೋಗಿತ್ತು! ಮದುಮಗ, ಮದುಮಗಳು, ಮುನಿಸಿಕೊಂಡ ತಂಗಿ, ಎಲ್ಲರೂ ಎರಡೂ ಕಡೆಯವರು. ಜಾವಾ ಮಾಡಿದ ಮಹನೀಯರು ನಮ್ಮ ಕಡೆಯ ಮದುವೆಗೆ ಬಂದವರಲ್ಲ. ನಾನೇ ಜಾಣತನದಿಂದ 'ಎರಡೂ' ಎಂಬ ಮೂರನೆಯ ಹೆಸರು ಸೇರಿಸಿದೆ. ಅವರಿಗೆ ಯಾವ ರೂಮು ಎಂದು ಹೇಳುವುದನ್ನು ಮಾತ್ರ ಮರೆತೆ. ಅಚ್ಚಾದ ಹಾಳೆಯನ್ನು ಓದಿಯೂ ನೋಡದೆ ಛತ್ರದ ಮ್ಯಾನೇಜರಿಗೆ ಕೊಟ್ಟುಬಿಟ್ಟೆ.

ವರಪೂಜೆಯ ಸಂಜೆ ಹೋಗಿ ನೋಡಿದರೆ, ಮದುಮಗ ಪಾತ್ರೆ ಕೋಣೆಯಲ್ಲಿ ಕೊಳಗದ ಮರೆಯಲ್ಲಿ ಪಂಚೆ ಉಡುತ್ತಿದ್ದ! ರುಕ್ಮಿಣಿ ಜಗಲಿಯಲ್ಲಿ ಟ್ರಂಕಿನ ಮೇಲೆ ಕುಳಿತಿದ್ದಳು. ಕಣಕಟ್ಟೆಯ ದೂರದ ನೆಂಟರೊಬ್ಬರು ಮಹಡಿಯಿಂದ ಬಗ್ಗಿ, "ಯಾಕ್ ರುಕ್ಮಿಣಮ್ಮಾ, ಹೊರಗ್ ಕುಂತಿದ್ದೀರಿ? ನಮ್ ರೂಮ್ನಾಗೆ ಬಿಸ್ನೀರೂ ಐತೆ!" ಎಂದರು.

"ಒನ್ ಮಿನಿಟ್, ಪ್ರೋಗ್ರಾಮ್ ತಿದ್ದಿಕೊಂಡು ಬರ್ತೀನಿ" ಎಂದೆ.

"ಬೇಡ ಕಣೇ ತಾಯಿ! ಇನ್ನೊಂದು ಸಲ ತಿದ್ದಿದ್ರೆ ಮದುವೇನೂ ಇಲ್ಲ ಅನ್ನುತ್ತೆ!"

ಕಂಬದ ಆಚೆ ಬ್ಯಾಗು ಹಿಡಿದು, ಮುಖ ತಿರುಗಿಸಿ ಕುಳಿತಿದ್ದ ತಂಗಿ ಕಿಸಕ್ಕನೆ ನಕ್ಕಳು. "ಅಕ್ಕಾ, ನಿಂಗೂ ರೂಮ್ ಇಲ್ವಾ?"

ಎಷ್ಟೋ ವರ್ಷದ ಮೇಲೆ ಆಡಿದ ಮಾತು! ರುಕ್ಮಿಣಿ ಟ್ರಂಕಿನ ಮೇಲೆ ಸರಿದು ಜಾಗ ಬಿಟ್ಟಳು. ಇದೂ ನನ್ನ ಪ್ರೋಗ್ರಾಮಿನ ಫೀಚರ್ ಎನ್ನಬೇಕೆನಿಸಿತು. ಅಷ್ಟರಲ್ಲಿ ಮದುಮಗ ಮಸಿಯಾದ ಪಂಚೆಯಲ್ಲಿ ಹೊರಬಂದ. ಸೋಪು ಹುಡುಕುವ ನೆಪದಲ್ಲಿ ಜಾರಿಕೊಂಡೆ.

ರುಕ್ಮಿಣಿಯನ್ನು ನಾನು ಕೊನೆಯ ಸಲ ನೋಡಿದ್ದು ಆ ದಂಪತಿಯ ಮಗುವಿನ ನಾಮಕರಣದಲ್ಲಿ. ಮಗುವನ್ನು ನನ್ನ ಮಡಿಲಿಗೆ ಹಾಕಿ, "ಇದಕ್ಕೆ ನಾನು ಅಜ್ಜಿಯೋ, ಮುತ್ತಜ್ಜಿಯೋ? ನಿನ್ನ ಜಾವಾ ಏನನ್ನುತ್ತೆ ಹೇಳೇ!" ಎಂದಳು. ನಾನು ಗಂಭೀರವಾಗಿ ಗಂಟಲು ಸರಿಮಾಡಿಕೊಂಡೆ. ಮಗು ನನ್ನ ರೇಷ್ಮೆ ಸೀರೆಯನ್ನು ಒದ್ದೆ ಮಾಡಿತು. ರುಕ್ಮಿಣಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.