ಕೇಕಿನ ಮೇಲೆ ಕಾರು ಬರೆದ ಹೂವು

ನಮ್ಮ ಕಾರಿನ ಜರ್ಕನ್ನು ಭೂಮಂಡಲದಿಂದಲೇ ಗಡೀಪಾರು ಮಾಡುತ್ತೇನೆಂದು ಒಂದು ಬೆಳಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿಬಿಟ್ಟೆ! ಬಾಯ್ತುಂಬ ನೊರೆ ಇದ್ದದ್ದರಿಂದ ಘೋಷಣೆಗೆ ತಕ್ಕ ಗಾಂಭೀರ್ಯ ಬರಲಿಲ್ಲ.

"ಏನಂದ್ರಿ?" ಎಂದಳು ನನ್ನವಳು ಅಡಿಗೆಮನೆಯಿಂದ.

"ಜರ್ಕು! ಇನ್ಮುಂದೆ ಇರಲ್ಲ!"

"ಮೊದಲು ಬಾಯಿ ತೊಳ್ಕೊಳ್ಳಿ."

ದಿನವೂ ನನ್ನನ್ನು ಆಫೀಸಿಗೆ ಹೊತ್ತೊಯ್ಯುವ ಆ ಕಾರು ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ಚಿಕ್ಕದು. ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದರೆ ಎಂಜಿನ್ನು "ನಡಿ" ಅನ್ನುತ್ತಿತ್ತು, ಚಕ್ರಗಳು "ಯಾಕೆ?" ಅನ್ನುತ್ತಿದ್ದವು. ಇವೆರಡರ ನಡುವೆ ಸಡಿಲವಾಗಿದ್ದದ್ದೆಲ್ಲ ಒಮ್ಮೆಗೇ ಬಿಗಿದುಕೊಂಡು ಕಟಕ್! ನಾನು ಸೀಟಿನಲ್ಲೇ ಇರುತ್ತಿದ್ದೆ. ನನ್ನ ಹೊಟ್ಟೆ ಮಾತ್ರ ಮುಂದಿನ ಸಿಗ್ನಲ್ಲಿಗೆ ಹೋಗಿ ನನಗಾಗಿ ಕಾಯುತ್ತಿತ್ತು.

ನನ್ನ ಹೊಟ್ಟೆಯ ಮಾತು ಬಿಡಿ. ನನ್ನವಳು ಮನೆಯಲ್ಲೇ ಕೇಕು ಮಾಡಿ ಮಾರುವವಳು, ಅವನ್ನು ತಲುಪಿಸುವುದೂ ಇದೇ ಕಾರಿನಲ್ಲಿ. ಹಿಂದಿನ ವಾರ ಒಂದು ಎರಡಂತಸ್ತಿನ ಕೇಕು ಸಭಾಂಗಣ ಮುಟ್ಟುವಷ್ಟರಲ್ಲಿ ಮೇಲಂತಸ್ತು ಕೆಳಗಿನದರ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋಗಿತ್ತು. ಸಭಾಂಗಣದ ಮ್ಯಾನೇಜರಮ್ಮ ಖಡಾಖಂಡಿತವಾಗಿ ಹೇಳಿದ್ದರು: "ಭಾನುವಾರ ಒಂದು ಹಿರಿಯ ಜೋಡಿಯ ಮದುವೆಯ ಐವತ್ತನೇ ವರ್ಷ. ಆ ಕೇಕು ನೆಟ್ಟಗೆ ಬಂದ್ರೆ ವರ್ಷವಿಡೀ ಆರ್ಡರು ನಿಮಗೇ. ಸೊಟ್ಟಗೆ ಬಂದ್ರೆ, ಇದೇ ಕೊನೇದು."

ಅವಳು ಆ ದಿನ ರಾತ್ರಿ ಊಟ ಮಾಡಲಿಲ್ಲ. ನಾನು ಇಬ್ಬರದೂ ಮಾಡಿ, ಈ ಮಹಾಪ್ರತಿಜ್ಞೆ ಕೈಗೊಂಡೆ.

ಮೆಕ್ಯಾನಿಕ್ ಕಾರಿನಡಿ ತೂರಿದ. ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲುಗಳೇ ನನ್ನೊಂದಿಗೆ ಮಾತಾಡಿದವು.

"ಸಾರ್, ಎಂಜಿನ್ ಕೂತಿರೋ ರಬ್ಬರ್ ಮೌಂಟು ಮೆತ್ತಗಾಗಿಬಿಟ್ಟಿದೆ. ಎಂಜಿನ್ನು ಉಯ್ಯಾಲೆ ಆಡ್ತಿದೆ. ರೇಸ್ ಗಾಡಿಗೆ ಹಾಕೋ ಗಟ್ಟಿ ಮೌಂಟು ಹಾಕ್ಲಾ? ಜರ್ಕು ಉಳಿದ್ರೆ ನನ್ನ ಮೀಸೆ ಬೋಳಿಸ್ತೀನಿ!"

"ತೊಂದರೆ ಏನಾದ್ರೂ ಆಗುತ್ತಾ?"

"ನಿಂತಾಗ ಸ್ವಲ್ಪ ನಡುಗಬಹುದು."

"ಈ ವಯಸ್ಸಿಗೆ ಯಾರು ನಡುಗಲ್ಲಪ್ಪ? ಹಾಕು!"

ಭಾನುವಾರ ಹೊರಟೆವು. ಹಿಂದಿನ ಸೀಟಿನಲ್ಲಿ ನನ್ನವಳು, ಅವಳ ತೊಡೆಯ ಮೇಲೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಕನ್ನಡಿಯಂತೆ ನುಣುಪಾದ ಬಿಳಿ ಸಕ್ಕರೆಯ ಹೊದಿಕೆ ಹೊದ್ದ ದುಂಡು ಕೇಕು. ಈ ಸಲ ಧೈರ್ಯ ಸಾಲದೆ ಒಂದೇ ಅಂತಸ್ತು! ಪಕ್ಕದಲ್ಲಿ ಬೆಳ್ಳಿ ಬಣ್ಣದ ಸಕ್ಕರೆ ಮಣಿಗಳ ಡಬ್ಬಿ, ಪಾಕದ ಶೀಶೆ, ಒಂದು ಕುಂಚ. ಅಲ್ಲಿಗೆ ಹೋದ ಮೇಲೆ ಒಂದೊಂದಾಗಿ ಪಾಕದಲ್ಲಿ ಅಂಟಿಸುವುದಿತ್ತು.

ಆಹಾ, ಆ ಸವಾರಿ! ಕಾಲು ಮನಸ್ಸಿನಲ್ಲಿ ಅಂದುಕೊಂಡರೆ ಕಾರು ಆಗಲೇ ಮಾಡಿ ಮುಗಿಸಿರುತ್ತಿತ್ತು! "ಹೆಂಗೆ?" ಎಂದು ಕನ್ನಡಿಯಲ್ಲಿ ಹುಬ್ಬು ಹಾರಿಸಿದೆ.

"ಪರವಾಗಿಲ್ಲ, ರಸ್ತೆ ನೋಡಿ," ಎಂದಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಸಿಗ್ನಲ್ ಬಿತ್ತು. ನಿಂತೆವು. ಮೆಕ್ಯಾನಿಕ್ಕಿನ 'ಸ್ವಲ್ಪ' ಶುರುವಾಯಿತು!

ಮೊದಲು ಕನ್ನಡಕ ಮೂಗಿನಿಂದ ಗಲ್ಲಕ್ಕೆ ಇಳಿಯಿತು. ಆಮೇಲೆ ಹಲ್ಲುಗಳು ತಮ್ಮ ತಮ್ಮೊಳಗೆ ಟೈಪು ಮಾಡತೊಡಗಿದವು. ಅಂಗಿಯ ಗುಂಡಿ ತಾನಾಗಿ ಬಿಚ್ಚಿಕೊಂಡಿತು. ಹಿಂದೆ, ಬೀಳದಿರಲೆಂದು ನನ್ನವಳು ಎತ್ತಿ ಹಿಡಿದ ಡಬ್ಬಿಯ ಮುಚ್ಚಳ ಹಾರಿ, ಅರ್ಧಕ್ಕರ್ಧ ಮಣಿ ಕೇಕಿನ ಮೇಲೆ ಸುರಿಯಿತು.

"ಅಯ್ಯೋ, ಹೋಯ್ತು! ಎಲ್ಲಾ ಹೋಯ್ತು! ಆಫ್ ಮಾಡ್ರೀ ಅದನ್ನ!"

ಕೀಲಿಗೆ ಕೈ ಹಾಕಿದೆ. ಆ ನಡುಕದಲ್ಲಿ ಕೀಲಿ ಕೈಗೆ ಸಿಗಬೇಕಲ್ಲ! ಅಷ್ಟರಲ್ಲಿ ಇಷ್ಟು ವರ್ಷದ ಸಂಸಾರದಲ್ಲಿ ನಾನು ಕೇಳಿರದ ಮೆಲುದನಿ ಬಂತು: "ತಡೀರಿ... ಮುಟ್ಟಬೇಡಿ."

ತಿರುಗಿ ನೋಡಿದೆ. ಮಣಿಗಳು ನಡೆಯುತ್ತಿದ್ದವು! ಯಾರೋ ಕರೆದಂತೆ ಸಾಲುಸಾಲಾಗಿ ಸರಿದು ಒಂದು ಉಂಗುರವಾದವು. ಅದರೊಳಗೆ ಇನ್ನೊಂದು ಉಂಗುರ. ಅದರೊಳಗೆ ಮತ್ತೊಂದು.

"ರೀ, ಆಕ್ಸಿಲರೇಟರ್ ಚೂರು ಒತ್ತಿ," ಎಂದು ಪಿಸುಗುಟ್ಟಿದಳು.

ಒತ್ತಿದೆ. ಉಂಗುರಗಳು ಒಡೆದು, ಕ್ಷಣ ಗಲಿಬಿಲಿಗೊಂಡು, ಇದ್ದಕ್ಕಿದ್ದಂತೆ ಒಂದು ಹೂವು ಅರಳಿತು! ಎಂಥ ಹೂವು ಅಂತೀರಿ! ಎಸಳಿಗೆ ಎಸಳು ತೂಗಿ ಇಟ್ಟಂತೆ. ಸಿಗ್ನಲ್ ಹಸಿರಾಯಿತು, ಹಿಂದಿನವರ ಹಾರ್ನು ಆಕಾಶಕ್ಕೇರಿತು. ಹಿಂದಿನ ಕಾರಿನಾತ ಬೈಯಲೆಂದೇ ಇಳಿದು ಬಂದು ಕಿಟಕಿಯೊಳಗೆ ತಲೆ ಹಾಕಿದ.

"ಏನ್ರೀ, ರಸ್ತೆ ನಿಮ್ಮಪ್ಪ..." ಎಂದವನು ಅಲ್ಲಿಗೇ ನಿಂತ. ಬೈಗುಳದ ಉಳಿದರ್ಧ ಅವನ ಬಾಯಲ್ಲೇ ಕರಗಿತು. "ಏನಮ್ಮಾ ಇದು?" ಎಂದ, ಮಲಗಿದ ಮಗುವನ್ನು ನೋಡುವವನ ದನಿಯಲ್ಲಿ.

ಈ ಸಲ ಎರಡೂ ಕೈಯಲ್ಲಿ ಹಿಡಿದು ಕೀಲಿ ತಿರುಗಿಸಿದೆ. ಹೂವು ಹಾಗೇ ನಿಂತಿತು. ನನ್ನವಳು ಕುಂಚದ ತುದಿಯಿಂದ ಪಾಕ ತೊಟ್ಟಿಕ್ಕಿಸಿ ಮಣಿಗಳನ್ನು ಅಂಟಿಸಿದಳು. ಅದು ಆರುವವರೆಗೆ ಎಂಜಿನ್ ಹಾಕುವಂತಿಲ್ಲ. ಹೀಗಾಗಿ ಮುಂದಿನ ತಿರುವಿನಲ್ಲಿದ್ದ ಸಭಾಂಗಣದವರೆಗೆ ಕಾರನ್ನು ತಳ್ಳಿದ್ದು ನಾನು ಮತ್ತು ಬೈಯಲು ಬಂದಾತ. ಪಾಪ, ಅವನ ಕಾರು ಅವನ ಹೆಂಡತಿ ತಂದಳು.

ಕೇಕು ಮೇಜಿಗೇರಿತು. ಮ್ಯಾನೇಜರಮ್ಮ ಬಗ್ಗಿ ಸೊಟ್ಟ ಹುಡುಕಿದರು, ಸಿಗಲಿಲ್ಲ. ಐವತ್ತು ವರ್ಷದ ಮದುಮಗಳು ಕನ್ನಡಕ ಒರೆಸಿಕೊಂಡು ಕೇಳಿದರು: "ಇಷ್ಟು ನಾಜೂಕಾಗಿ ಕೈಯಲ್ಲಿ ಹೇಗಮ್ಮಾ ಮಾಡಿದೆ?"

ಸುಳ್ಳು ಬಾರದ ನನ್ನವಳು, "ಕೈಯಲ್ಲಲ್ಲ ಅಜ್ಜಿ, ಕಾರಲ್ಲಿ," ಎಂದಳು.

ಅತಿಥಿಗಳೆಲ್ಲ ಪೋರ್ಟಿಕೋಗೆ ನುಗ್ಗಿದರು! ಬಾನೆಟ್ ಮೇಲೆ ಇನ್ನೊಂದು ತಟ್ಟೆ, ತಟ್ಟೆಯಲ್ಲಿ ಉಳಿದ ಮಣಿ, ಒಳಗೆ ನಾನು. ಆಕ್ಸಿಲರೇಟರ್ ಒತ್ತಿದಂತೆ ಉಂಗುರ, ಹೂವು, ನಕ್ಷತ್ರ! ಮದುಮಗನಾದ ಅಜ್ಜ ಬಹಳ ಹೊತ್ತು ನೋಡಿ, "ಇಷ್ಟು ಬೇಗ ಹೊಂದಿಕೊಂಡುಬಿಟ್ಟವಲ್ಲ! ನಮಗೆ ಐವತ್ತು ವರ್ಷ ಹಿಡಿಯಿತು," ಎಂದರು. "ಇನ್ನೂ ಎಲ್ಲಿ?" ಎಂದರು ಅಜ್ಜಿ.

ವರ್ಷದ ಆರ್ಡರು ಅಲ್ಲೇ ಖಾಯಂ ಆಯಿತು. ನನ್ನವಳ ಕಣ್ಣು ತುಂಬಿತು. ನನ್ನ ಎದೆ ಅಂಗಿಯ ಉಳಿದ ಗುಂಡಿಗಳನ್ನೂ ಬಿಚ್ಚುವಷ್ಟು ಉಬ್ಬಿತು. ಹಣೆಯ ಬೆವರು ಒರೆಸಿಕೊಂಡು, ಬಾನೆಟ್ಟಿಗೆ ಕೈಯೂರಿ, ಗಲ್ಲವೆತ್ತಿ ಫೋಟೋಗೆ ನಿಂತೆ.

"ಡ್ರೈವರ್, ಸ್ವಲ್ಪ ಆ ಕಡೆ ಸರೀರಿ," ಎಂದ ಫೋಟೋದವನು. "ಕಾರು ಪೂರ್ತಿ ಬರ್ತಿಲ್ಲ."

ನ್ಯಾಯಕ್ಕಾಗಿ ನನ್ನವಳ ಕಡೆ ನೋಡಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಅವನಿಗೆ ಹೇಳಿದಳು:

"ಬೇಜಾರು ಮಾಡ್ಕೋಬೇಡಪ್ಪ, ಅವರು ಹೊಸಬರು. ಇವತ್ತೇ ಕೆಲಸಕ್ಕೆ ಬಂದದ್ದು!"