ಆದಪ್ಪನ ಗೋಡೆಗೆ ಹತ್ತಿದ ನೋಟೀಸು

ಬನಹಟ್ಟಿಯ ಕಿರಾಣಿ ವ್ಯಾಪಾರಿ ಆದಪ್ಪ ಆ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯಲು ಬಂದಾಗ, ಗೋಡೆಯ ಮೇಲೆ ಸಂಸ್ಥಾನದ ನೋಟೀಸೊಂದು ಹಸಿಹಸಿಯಾಗಿ ಅಂಟಿಕೊಂಡಿತ್ತು. ಅಂಟಿನ ಹನಿ ಇನ್ನೂ ಕೆಳಗೆ ಇಳಿಯುತ್ತಿತ್ತು. ಊರಲ್ಲಿ ಬೇಕಾದಷ್ಟು ಗೋಡೆಗಳಿದ್ದವು. ಚಾವಡಿಯ ಗೋಡೆಯಂತೂ ನೋಟೀಸಿಗಾಗಿಯೇ ಸುಣ್ಣ ಬಳಿಸಿಕೊಂಡು ನಿಂತಿತ್ತು. ಅದನ್ನೆಲ್ಲ ಬಿಟ್ಟು ಸಿಪಾಯಿ ಇಲ್ಲಿಗೇ ಬಂದು ಅಂಟಿಸಿದ್ದಕ್ಕೆ ಕಾರಣವಿತ್ತು. ಊರಿನಲ್ಲಿ ಮೋಡಿ ಓದಬಲ್ಲವನು ಆದಪ್ಪ ಒಬ್ಬನೇ ಎಂದು ಎಲ್ಲರೂ ನಂಬಿದ್ದರು.

ಆ ಕಾಲಕ್ಕೆ ಸಂಸ್ಥಾನದ ಕಾಗದಪತ್ರವೆಲ್ಲ ಮರಾಠಿಯಲ್ಲಿ, ಮೋಡಿ ಅಕ್ಷರದಲ್ಲಿ ನಡೆಯುತ್ತಿತ್ತು. ಲೇಖನಿ ಎತ್ತದೆ ಒಂದೇ ಉಸಿರಿಗೆ ಬರೆದುಬಿಡುವ ಅಕ್ಷರ ಅದು. ಬಾರದವರ ಕಣ್ಣಿಗೆ, ಬೆಕ್ಕು ನೂಲಿನ ಉಂಡೆಯೊಡನೆ ಆಟವಾಡಿ ಎದ್ದುಹೋದ ಹಾಗೆ ಕಾಣುತ್ತಿತ್ತು. ಆದಪ್ಪ ಚಿಕ್ಕಂದಿನಲ್ಲಿ ಸಾಂಗಲಿಯ ಸೋದರಮಾವನ ಅಂಗಡಿಯಲ್ಲಿದ್ದು ಬಂದವನು. ಮರಾಠಿ ಮಾತಾಡುತ್ತಿದ್ದ, ಅಚ್ಚಿನ ಅಕ್ಷರ ಕೂಡಿಸಿ ಓದುತ್ತಿದ್ದ. ಮೋಡಿಯಲ್ಲಿ ಅವನಿಗೆ ಬರುತ್ತಿದ್ದುದು ತನ್ನ ಸಹಿ ಮಾತ್ರ. ಆ ಸಹಿಯನ್ನು ಎಂಥ ಠೀವಿಯಿಂದ ಬಾಲ ಎಳೆದು ಹಾಕುತ್ತಿದ್ದನೆಂದರೆ, ನೋಡಿದವರು ಉಳಿದದ್ದೆಲ್ಲ ಬರುತ್ತದೆಂದೇ ತಿಳಿದರು. ಇಲ್ಲವೆನ್ನಲು ಅವನಿಗೂ ಮನಸ್ಸು ಬರಲಿಲ್ಲ.

“ಆದಪ್ಪಣ್ಣಾ, ಏನ ಬರದಾರ್ರೀ?” ಎದುರುಮನೆಯ ನೇಕಾರ ಮಲಕಾಜಪ್ಪ ಬಾಯಲ್ಲಿ ಬೇವಿನ ಕಡ್ಡಿ ಕಚ್ಚಿಕೊಂಡೇ ಬಂದ. ಊರಿನ ಯಾವ ಸುದ್ದಿಯೂ ಅವನ ಅಂಗಳ ದಾಟದೆ ಮುಂದೆ ಹೋಗುತ್ತಿರಲಿಲ್ಲ. ದಾಟುವಾಗ ಮೈತುಂಬಿಕೊಳ್ಳದೆಯೂ ಹೋಗುತ್ತಿರಲಿಲ್ಲ.

“ತಡಿಯೋ, ಅಂಟರ ಆರಲಿ.”

“ಅಂಟಿಗೂ ಓದೂದಕ್ಕೂ ಏನ ಸಂಬಂಧರೀ?”

“ಹಸಿ ಕಾಗದ ಕಣ್ಣಿಗೆ ಛಲೋ ಅಲ್ಲ.”

ಅಷ್ಟರಲ್ಲಿ ಓಣಿಯ ನೇಕಾರರೆಲ್ಲ ಕೂಡಿದರು. ಆದಪ್ಪ ಕೋಟಿನ ತುದಿಯಿಂದ ಕನ್ನಡಕ ಒರೆಸಿದ, ಮತ್ತೆ ಒರೆಸಿದ. ತಲೆಬರಹ ಮಾತ್ರ ಅಚ್ಚಿನಲ್ಲಿತ್ತು: ಜಾಹೀರ ಸಭಾ, ಕೈಮಗ್ಗ, ಚಾವಡಿ, ಸಾಹೇಬರ ಹುದ್ದೆ, ಇವತ್ತಿನ ತಾರೀಖು, ಮಧ್ಯಾಹ್ನದ ಹೊತ್ತು. ಅದರ ಕೆಳಗೆಲ್ಲ ಬೆಕ್ಕಿನ ಆಟ.

“ಇವತ್ತ ಮಧ್ಯಾಹ್ನ ಸಾಹೇಬರು ಬರ್ತಾರ. ಚಾವಡಿ ಮುಂದ ಸಭಾ ಐತಿ. ಮಗ್ಗದ ವಿಚಾರ,” ಎಂದ. ಇಲ್ಲಿಯವರೆಗೆ ಹೇಳಿದ್ದೆಲ್ಲ ನಿಜವೇ. ಇಲ್ಲಿಗೇ ಬಾಯಿ ಮುಚ್ಚಿದ್ದರೆ ಅವನ ದಿನ ಚೆನ್ನಾಗಿರುತ್ತಿತ್ತು.

“ಮಗ್ಗದ್ದು ಎಂಥಾ ವಿಚಾರರೀ?”

“ಅದs... ಮಗ್ಗಕ್ಕ ಇಷ್ಟು ಅಂತ...” ಆದಪ್ಪ ಗಾಳಿಯಲ್ಲಿ ಕೈಯಾಡಿಸಿದ.

“ಇಷ್ಟು ಅಂದ್ರ? ಕರಾ ಕಟ್ಟಬೇಕೇನ್ರಿ ಮತ್ತ?”

ಆದಪ್ಪ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಸಲ ಕೆಮ್ಮಿದ. ಆ ಕೆಮ್ಮು ಮಲಕಾಜಪ್ಪನ ಅಂಗಳ ದಾಟಿ ಊರು ಸುತ್ತುವಷ್ಟರಲ್ಲಿ ಸಂಸ್ಥಾನದ ಹೊಸ ಕಾಯದೆಯಾಗಿತ್ತು: ಮನೆಯಲ್ಲಿ ಎಷ್ಟು ಮಗ್ಗ ಕಾಣುತ್ತವೆಯೋ ಅಷ್ಟಕ್ಕೂ ಕರ.

ಲಡಾಯಿಯ ದಿನಗಳು ಅವು. ನೂಲು ಸಿಗುವುದೇ ಕಷ್ಟ. ಅಂಥದರಲ್ಲಿ ಕರ ಬೇರೆ ಎಂದರೆ ಯಾರು ಸುಮ್ಮನಿದ್ದಾರು? ಹೊತ್ತು ಏರುವ ಮೊದಲೇ ಬನಹಟ್ಟಿಯಲ್ಲಿ ಮಗ್ಗದ ಸದ್ದು ಒಂದೊಂದಾಗಿ ನಿಂತುಹೋಯಿತು. ಹುಟ್ಟಿದಾಗಿನಿಂದ ಆ ಸದ್ದು ಕೇಳಿದ್ದ ಆದಪ್ಪನಿಗೆ ತನ್ನ ಕಿವಿಯೇ ಹೋಯಿತೇನೋ ಅನ್ನಿಸಿತು. ಒಬ್ಬರು ಮಗ್ಗ ಬಿಚ್ಚಿ ಕಣಕಿಯ ಬಣವೆಯಲ್ಲಿ ತುರುಕಿದರು. ಇನ್ನೊಬ್ಬರು ಅದರ ಉದ್ದನೆಯ ಕಟ್ಟಿಗೆಗಳನ್ನು ಹೊರಸಿನ ಮೇಲೆ ಮಲಗಿಸಿ, ಕೌದಿ ಹೊದಿಸಿ, ಪಕ್ಕದಲ್ಲಿ ಕುಳಿತು “ಯವ್ವಾ, ಹ್ಯಾಂಗೈತೆ?” ಎಂದು ಕೇಳುತ್ತಿದ್ದರು. ಮಲಕಾಜಪ್ಪ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಹಲಗೆ ಮುಚ್ಚಿ, ಮಣ್ಣು ಹರವಿ, ಮೇಲೆ ಕಾವಿಗೆ ಕೂತ ಕೋಳಿಯನ್ನು ಬುಟ್ಟಿಸಮೇತ ತಂದಿಟ್ಟ. ಮಿಕ್ಕ ಸಾಮಾನನ್ನು ಆದಪ್ಪನ ಅಂಗಡಿಗೆ ಹೊತ್ತು ತಂದ.

“ನಿಮ್ಮ ಬೆಲ್ಲದ ಪೆಂಟಿ ಹಿಂದ ಇರ್ಲ್ರಿ. ನಿಮ್ಮನ್ನ ಯಾರೂ ಸಂಶೇ ಪಡೂದಿಲ್ಲ.”

“ಲೇ, ಸ್ವಲ್ಪ ತಡಿ. ಹಂಗೇನೂ ಇರಾಕಿಲ್ಲ...”

“ನೀವಾ ಓದಿದ್ರೆಲಾ?”

ತಡಿ ಎನ್ನಲು ಕಾರಣ ಹೇಳಬೇಕು, ಕಾರಣ ಹೇಳಲು ತನ್ನ ಗುಟ್ಟು ಹೇಳಬೇಕು. ಆದಪ್ಪ ಬೆಲ್ಲದ ಪೆಂಟಿ ಸರಿಸಿ ಜಾಗ ಮಾಡಿಕೊಟ್ಟ.

ಆಗ ಒಳಗಿನಿಂದ ಹೆಂಡತಿ ಪದ್ಮವ್ವ ಬಂದಳು. “ಇಲ್ಲಿ ಬೆಲ್ಲಾ ಸರಸಕೋತ ನಿಂತೀರೇನ್ರಿ? ಮುತ್ತವ್ವ ನಮ್ಮ ಮನಿ ಕತ್ರಿ ಇಸಕೊಂಡ ಹ್ವಾದಳು.”

“ಕತ್ರಿ ಯಾಕ?”

“ಬನಶಂಕರಿ ಮದಿವಿ ಸೀರಿ ಮಗ್ಗದ ಮ್ಯಾಲ ಐತೆಲ್ಲಾ. ಹಾಸು ಕತ್ತರಿಸಿ ಮಗ್ಗ ಬಿಚ್ಚತಾಳಂತ.”

ಮುತ್ತವ್ವ ಗಂಡನಿಲ್ಲದ ಹೆಂಗಸು. ಒಬ್ಬಳೇ ಮಗಳು ಬನಶಂಕರಿಯ ಮದುವೆಗೆಂದು, ಸಿಕ್ಕ ಸಿಕ್ಕಲ್ಲಿ ನೂಲು ಕೂಡಿಸಿ, ಕೂಲಿ ನೇಯ್ಗೆ ಮುಗಿದ ಮೇಲೆ ಆ ಸೀರೆ ನೇಯುತ್ತಿದ್ದಳು. ಅರ್ಧದಲ್ಲಿ ಹಾಸಿನ ಉದ್ದನೂಲು ಕತ್ತರಿಸಿದರೆ ಮತ್ತೆ ನೂಲು ಎಲ್ಲಿಂದ ಬರಬೇಕು? ಹುಡುಗಿ ಹಳೆಯ ಸೀರೆಯಲ್ಲಿ ಹಸೆಮಣೆ ಏರಬೇಕಾಗುತ್ತಿತ್ತು, ಅದೂ ಅವನ ಒಂದು ಕೆಮ್ಮಿನಿಂದ. ಆದಪ್ಪ ಚಪ್ಪಲಿ ಮರೆತು ಓಡಿದ.

ಮುತ್ತವ್ವ ಮಗ್ಗದ ಮುಂದೆ ಕತ್ತರಿ ಹಿಡಿದು ಕುಳಿತಿದ್ದಳು. ಕತ್ತರಿಸಲು ಅವಳಿಗೂ ಕೈ ಬಂದಿರಲಿಲ್ಲ. ದಾಳಿಂಬೆ ಬಣ್ಣದ ಸೀರೆ ಮಗ್ಗದ ಮೇಲೆ ಅರ್ಧ ನೇಯ್ದು ನಿಂತಿತ್ತು.

“ಮುತ್ತವ್ವಾ, ಕತ್ತರಸಬ್ಯಾಡ.”

“ಯಾಕಪಾ? ಕರಾ ಕಟ್ಟಾಕ ನನ್ನ ಕಡೆ ಏನೈತಿ?”

“ಕರಾ ಐತೋ ಇಲ್ಲೋ ನನಗ ಗೊತ್ತಿಲ್ಲ.” ಆದಪ್ಪ ನೆಲ ನೋಡುತ್ತ ಹೇಳಿದ. “ನನಗ ಮೋಡಿ ಓದಾಕ ಬರೂದಿಲ್ಲ.”

ಮುತ್ತವ್ವ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಕತ್ತರಿ ಕೆಳಗಿಟ್ಟು, ಎದ್ದು ಹೋಗಿ ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ತಂದು ಮುಂದಿಟ್ಟಳು.

“ಓಡಿ ಬಂದೀದಿ, ಕುಡಿ. ರಬಕವಿಯಾಗ ಸಿಂಪಿಗೇರ ನಾಮದೇವ ಮೋಡಿ ಓದತಾನ. ಹೋಗಿ ಕೇಳಕೊಂಡ ಬಾ.” ಆಮೇಲೆ ಮೆಲ್ಲಗೆ ಅಂದಳು, “ನನ್ನ ಬಾಯಿಂದ ಈ ಮಾತು ಹೊರಗ ಬೀಳೂದಿಲ್ಲ. ಆದರ ನಿನ್ನ ಬಾಯಿಂದ ಬೀಳಬೇಕು ನೋಡಪಾ.”

ಆದಪ್ಪ ಮನೆಗೆ ಬಂದರೆ ಪದ್ಮವ್ವ ಆಗಲೇ ಬಿಸಿನೀರು ಚಿಮುಕಿಸಿ ಚಿಮುಕಿಸಿ ನೋಟೀಸು ಬಿಡಿಸುತ್ತಿದ್ದಳು. ಗಂಡನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ಅವಳಿಗೆ ಮದುವೆಯಾದ ವರ್ಷವೇ ತಿಳಿದಿತ್ತು. ಯಾವತ್ತೂ ಆಡಿ ತೋರಿಸಿರಲಿಲ್ಲ, ಇವತ್ತೂ ಆಡಲಿಲ್ಲ. ಒದ್ದೆ ಕಾಗದವನ್ನು ಹಪ್ಪಳದ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಟ್ಟಳು.

ರಬಕವಿ ಮಗ್ಗುಲಲ್ಲೇ ಇತ್ತು, ಆದರೆ ಬೇರೆ ಸಂಸ್ಥಾನ. ಅಲ್ಲಿ ನಾಚಿಕೆಪಟ್ಟರೆ ಅದು ಪರನಾಡಿನ ನಾಚಿಕೆ, ಇಲ್ಲಿಯ ಲೆಕ್ಕಕ್ಕೆ ಬರುವುದಿಲ್ಲ ಎಂದು ದಾರಿಯುದ್ದಕ್ಕೂ ಆದಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ. ನಾಮದೇವ ಹೊಲಿಯುತ್ತಿದ್ದ ಅಂಗಿ ಬದಿಗಿಟ್ಟು ನೋಟೀಸನ್ನು ಬೆಳಕಿಗೆ ಹಿಡಿದ. ಅವನ ಕಣ್ಣು ನೀರು ಹರಿದ ಹಾಗೆ ಸಾಲಿನ ಮೇಲೆ ಹರಿಯುತ್ತಿದ್ದುದನ್ನು ಆದಪ್ಪ ಕಂಡ. ಆದರೂ ಆ ಪುಣ್ಯಾತ್ಮ ಹುಬ್ಬು ಗಂಟಿಕ್ಕಿ, “ಏನ ಕೆಟ್ಟ ಅಕ್ಷರಾರೀ ಇದು! ನಿಮಗ ಹತ್ತಲಿಲ್ಲಂದ್ರ ಸೋಜಿಗೇನಿಲ್ಲ ಬಿಡ್ರಿ,” ಎಂದ. ಆದಪ್ಪನಿಗೆ ಅಳು ಬರುವಂತಾಯಿತು.

“ಏನ ಬರದಾರು?”

“ಲಡಾಯಿ ಸಲವಾಗಿ ನೂಲಿಂದು ತ್ರಾಸ ಆಗೇತೆಲ್ರೀ, ಅದಕ್ಕ ಸರಕಾರ ಮಗ್ಗಕ್ಕ ಇಷ್ಟು ಅಂತ ನೂಲು ಕೊಡತೈತಿ. ಸಾಹೇಬರು ಇವತ್ತ ಮನಿಮನಿಗೆ ಬಂದು ನೋಡತಾರ. ಅವರ ಕಣ್ಣಿಗೆ ಬಿದ್ದ ಮಗ್ಗಕ್ಕ ನೂಲು. ಬೀಳಲಿಲ್ಲಂದ್ರ ಇಲ್ಲ.”

ಆದಪ್ಪ ಮರಳಿ ಬಂದದ್ದು ಹೇಗೆಂದು ಅವನಿಗೇ ಗೊತ್ತಿರಲಿಲ್ಲ. ಚಾವಡಿಯ ಕಟ್ಟೆ ಹತ್ತಿ, ಏದುಸಿರು ಬಿಡುತ್ತ, ಎಲ್ಲರನ್ನೂ ಕೂಗಿ ಕರೆದ.

“ಕರಾ ಇಲ್ಲ! ನೂಲು ಕೊಡತಾರ! ಮಗ್ಗ ಕಾಣಬೇಕು! ಎಲ್ಲಾ ತಿರಗಿ ಹೂಡ್ರಿ!”

ಯಾರೂ ಅಲುಗಲಿಲ್ಲ. “ಮುಂಜಾನಿ ಒಂದು, ಈಗ ಒಂದು,” ಎಂದ ಮಲಕಾಜಪ್ಪ. “ಮುಂಜಾನಿ ಓದಿದ್ದು ಸುಳ್ಳೇನು ಹಂಗಾರ?”

ಗುಂಪಿನ ಹಿಂದೆ ಮುತ್ತವ್ವ ನಿಂತಿದ್ದಳು. ಅವನನ್ನು ನೋಡಲಿಲ್ಲ, ನೋಡಿದರೆ ಅವನಿಗೆ ಕಷ್ಟವಾದೀತೆಂದು ಸೆರಗಿನ ಅಂಚು ಸವರುತ್ತಿದ್ದಳು.

“ಮುಂಜಾನಿ ನಾ ಓದಲೇ ಇಲ್ರೀ,” ಎಂದ ಆದಪ್ಪ. “ನನಗ ಓದಾಕ ಬರೂದಿಲ್ಲ. ಹಿಂದೂ ಬರತಿರಲಿಲ್ಲ.”

ಮೊದಲು ಮಲಕಾಜಪ್ಪನ ಗಂಟಲು ತೆರೆಯಿತು. “ಹಂಗಾರ ನನ್ನ ಎಮ್ಮಿ ಕೊಂಡವಾಡದ ದೊಡ್ಡ್ಯಾಗ ಹಾಕಿದಾಗ ಚೀಟಿ ಓದಿ ಹೇಳಿದ್ರೆಲ್ಲಾ, ಅದು?”

“ಅದು... ನಿನ್ನ ಮುಖಾ ನೋಡಿ ಹೇಳಿದ್ದೆಪಾ.”

ಊರಿಗೆ ಊರೇ ನಕ್ಕಿತು. ಆ ನಗೆ ಆದಪ್ಪನ ಕಿವಿಯಲ್ಲಿ ಕಾದ ಎಣ್ಣೆಯಂತೆ ಇಳಿಯಿತು. ಆದರೆ ನಗಲು ಪುರಸೊತ್ತು ಎಲ್ಲಿತ್ತು? ಎಲ್ಲರೂ ಮನೆಗಳತ್ತ ಬಿದ್ದು ಎದ್ದು ಓಡಿದರು. ಅವನ ಮಗ್ಗ ಇವನ ಕುಣಿಗೆ, ಇವನ ಹಲಗೆ ಅವನ ಮನೆಗೆ. ಹೊರಸಿನ ಮೇಲಿನ ಮುದುಕಿಯ ಕಾಯಿಲೆ ಒಮ್ಮೆಗೇ ವಾಸಿಯಾಯಿತು. ಮಲಕಾಜಪ್ಪನ ಕೋಳಿ ಮಾತ್ರ ಬುಟ್ಟಿ ಬಿಟ್ಟು ಏಳಲೊಲ್ಲದೆ, ಕೈಗೆ ಕುಕ್ಕಿ ಕುಕ್ಕಿ ಬಿಟ್ಟಿತು.

ಟಾಂಗಾ ಬಂದು ನಿಂತಾಗ ಊರಿನ ತುಂಬ ಮಗ್ಗಗಳು ಸದ್ದು ಮಾಡುತ್ತಿದ್ದವು. ಹಲವರ ಲಾಳಿಯಲ್ಲಿ ನೂಲೇ ಇರಲಿಲ್ಲ. ಆದರೂ ಅತ್ತಿತ್ತ ಓಡುತ್ತಿತ್ತು. ಸಾಹೇಬರು ಹೊಸಬರು, ಹುರಿಮೀಸೆಯ ತರುಣ. ಮನೆಮನೆ ನೋಡಿ, ತಲೆಯಾಡಿಸಿ, ಚಾವಡಿಗೆ ಬಂದು ಕುರ್ಚಿಯಲ್ಲಿ ಕುಳಿತರು.

“ಹಿಂದಿನ ಊರಾಗ ಒಂದ ಮಗ್ಗಾ ಕಾಣಲಿಲ್ಲ,” ಎಂದರು. “ಕರಾ ಅಂತ ತಿಳದು ಎಲ್ಲಾ ಮುಚ್ಚಿಟ್ಟಿದ್ರು. ನಿಮ್ಮ ಊರ ಶಾಣ್ಯಾ ಊರು. ನೋಟೀಸ ತಿಳಿಸಿ ಹೇಳಿದವರು ಯಾರು?”

ಆದಪ್ಪ ಕಂಬದ ಮರೆಗೆ ಸರಿದ. ಆದರೆ ಎದ್ದು ನಿಂತವನು ಮಲಕಾಜಪ್ಪ. ಕುಕ್ಕಿಸಿಕೊಂಡ ಕೈಗೆ ಅರಿವೆ ಸುತ್ತಿಕೊಂಡೇ ಕೈಮುಗಿದ. “ನಮ್ಮ ಆದಪ್ಪಣ್ಣಾರ್ರೀ. ಅವರಂಗ ಓದಿ ತಿಳಿಸಾವರು ಈ ಭಾಗದಾಗ ಯಾರೂ ಇಲ್ರೀ.” ನೆರೆಯವನ ಮಾನ ಉಳಿಸಬೇಕೆಂದು ಹೇಳಿದನೋ, ಎಮ್ಮೆಯ ಸೇಡು ತೀರಿಸಿದನೋ, ಅವನ ಮನಸ್ಸಿನಲ್ಲಿ ಎರಡೂ ಇದ್ದಿರಬೇಕು. “ಹೌದ್ರೀ, ಹೌದ್ರೀ,” ಎಂದಿತು ಸಭೆ.

“ಛಲೋ ಆತು. ಇನ್ನ ಮ್ಯಾಲ ಚಿಮ್ಮಡ, ಹಿಪ್ಪರಗಿ, ಎಲ್ಲಾ ಕಡೆ ಸರಕಾರಿ ನೋಟೀಸ ಇವರs ಓದಿ ತಿಳಿಸಬೇಕು.” ಸಾಹೇಬರು ಪೆಟ್ಟಿಗೆಯಿಂದ ಹೊಸ ಕಾಗದವೊಂದನ್ನು ತೆಗೆದು ಆದಪ್ಪನ ಕೈಗಿಟ್ಟರು. “ಇದನ್ನ ಈಗ ಎಲ್ಲಾರಿಗೂ ಓದಿ ಹೇಳ್ರಿ.”

ಆದಪ್ಪ ಬಿಡಿಸಿ ನೋಡಿದ. ತಲೆಬರಹವೂ ಇರಲಿಲ್ಲ, ಮೇಲಿನಿಂದ ಕೆಳಗಿನವರೆಗೆ ಬರೀ ಬೆಕ್ಕು, ಬರೀ ಉಂಡೆ. ಬೆಳಗಿನಿಂದ ಇಷ್ಟು ಅನುಭವಿಸಿದ್ದು ಸಾಕಾಗಿತ್ತು. ಸಾಹೇಬರ ಕಿವಿಯತ್ತ ಬಾಗಿ, “ತಪ್ಪಾತ್ರೀ ಸಾಹೇಬರs. ನನಗ ಮೋಡಿ ಓದಾಕ ಬರೂದಿಲ್ರೀ,” ಎಂದು ಪಿಸುಗುಟ್ಟಿದ.

ಸಾಹೇಬರ ಮುಖದ ನಗೆ ಕದಲಲಿಲ್ಲ. ಮೀಸೆಯಷ್ಟೇ ಅಲುಗಿತು. “ನನಗೂ ಬರೂದಿಲ್ರೀ. ನಾ ಧಾರವಾಡದಾಗ ಇಂಗ್ಲಿಷ್ ಕಲತಾವ. ಓದೂ ಕಾರಕೂನ ಜ್ವರಾ ಬಂದು ಹಿಂದಿನ ಊರಾಗ ಉಳದ. ಇಷ್ಟು ಮಂದಿ ಮುಂದ ನನ್ನ ಮರ್ಯಾದಿ ಕಳೀಬ್ಯಾಡ್ರಿ. ನಿಮ್ಮ ಕಾಲ ಬೀಳತೇನಿ, ಏನರ ಓದ್ರಿ.”

ಆದಪ್ಪ ಸಭೆಯ ಕಡೆ ತಿರುಗಿದ. ಅವನಿಗೆ ಓದಲು ಬಾರದೆಂಬುದು ಅಲ್ಲಿ ಸಾಹೇಬರ ಟಾಂಗಾದ ಕುದುರೆಯನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಒಬ್ಬರೂ ನಗಲಿಲ್ಲ. ಬಸದಿಯಲ್ಲಿ ಕುಳಿತವರ ಹಾಗೆ ಕೈ ಕಟ್ಟಿ, ತಲೆ ತಗ್ಗಿಸಿದರು. ಆಗಿನ ನಗೆಗಿಂತ ಈ ಮರ್ಯಾದೆಯೇ ಅವನಿಗೆ ಹೆಚ್ಚು ಭಾರವಾಯಿತು.

ಅವನು ಗಂಟಲು ಸರಿಮಾಡಿಕೊಂಡು, ಕಾಗದದ ಮೇಲೆ ಬೆರಳಾಡಿಸುತ್ತ ಓದಿದ. ಬಾವಿಯ ನೀರು ಹೊಲಸು ಮಾಡಬಾರದು, ಓಣಿಯಲ್ಲಿ ಕಸ ಚೆಲ್ಲಬಾರದು, ಎತ್ತುಗಳನ್ನು ಹದ್ದುಬಸ್ತಿನಲ್ಲಿಡಬೇಕು, ಹಿರಿಯರಿಗೆ ಗೌರವ ಕೊಡಬೇಕು. ಯಾರಿಗೂ ಕೇಡಿಲ್ಲದ್ದು ಏನೇನು ಹೊಳೆಯಿತೋ ಅದನ್ನೆಲ್ಲ ಸೇರಿಸಿ, ಕೊನೆಗೆ ಸರಕಾರದ ಹೆಸರು ಹೇಳಿ ಮುಗಿಸಿದ. ಹಣೆಯ ಬೆವರು ಒರೆಸಿಕೊಂಡು ಕಾಗದ ಮಡಚತೊಡಗಿದ.

ಮಲಕಾಜಪ್ಪ ವಿನಯದಿಂದ ಕೈ ಎತ್ತಿದ. “ಹಿಂದ ಕುಂತಾವರಿಗೆ ಕೇಳಲಿಲ್ಲಂತ್ರೀ. ಮೊದಲಿಂದ ಇನ್ನೊಮ್ಮಿ ಓದ್ರೆಲಾ.”

“ಹೌದು, ಓದ್ರಿ,” ಎಂದರು ಸಾಹೇಬರು, ಕುರ್ಚಿಯಲ್ಲಿ ನೆಟ್ಟಗೆ ಕೂಡುತ್ತ. “ಒಂದ ಅಕ್ಷರಾನೂ ಬಿಡಬ್ಯಾಡ್ರಿ.”

ಆದಪ್ಪ ಕಾಗದವನ್ನು ಮತ್ತೆ ಬಿಡಿಸಿದ. ಮೊದಲನೆಯ ಸಲ ಏನು ಓದಿದ್ದೆನೆಂಬುದು ಅವನಿಗೆ ಒಂದೂ ನೆನಪಿರಲಿಲ್ಲ.