ಅತ್ತೆಯ ಕುಂಬಳವೂ ನನ್ನ ಮಾಸಪತ್ರಿಕೆಯೂ

ಓದುವ ಚಟವಿರುವವನ ಕೈಗೆ ಗುದ್ದಲಿ ಕೊಡಬಾರದು. ಕೊಟ್ಟರೂ, ಓದಿದ್ದನ್ನು ಅವನು ಮರೆಯುವವರೆಗೆ ಹಿತ್ತಲ ಬಾಗಿಲಿಗೆ ಅಗುಳಿ ಹಾಕಿಡಬೇಕು. ಯಾರನ್ನೋ ಆಡಿಕೊಳ್ಳಲು ಹೇಳುತ್ತಿಲ್ಲ. ಸರಗೂರಿನಲ್ಲಿ ಶಾಲೆಯ ಮೇಷ್ಟರಾದ ನಾನು, ಮನೆಯಲ್ಲೇ ಹಣ್ಣು ತರಕಾರಿ ಬೆಳೆಯುವವರಿಗೆಂದು ಬೆಂಗಳೂರಿನಿಂದ ಹೊರಡುವ ಒಂದು ಮಾಸಪತ್ರಿಕೆಗೆ ಚಂದಾದಾರನಾಗಿದ್ದೆ. ಅದು ಟಪಾಲಿನಲ್ಲಿ ಬಂದ ದಿನ ಮಕ್ಕಳನ್ನು ಕಾಪಿ ಬರೆಯಲು ಹಚ್ಚಿ, ಎಲೆಕೋಸಿನ ರೋಗಗಳನ್ನು ಓದುತ್ತ ಕೂರುತ್ತಿದ್ದೆ. ನಮ್ಮ ಸೀಮೆಯಲ್ಲಿ ಆಗ ಕೋಸನ್ನು ಕಂಡವರೇ ಕಡಿಮೆ. ಅದರ ರೋಗಗಳು ಮಾತ್ರ ನನಗೆ ಬಾಯಿಪಾಠ.

ಯುಗಾದಿಗೆ ಮುಂಚಿನ ಸಂಚಿಕೆಯಲ್ಲಿ, ಹಿತ್ತಲ ಗೋಡೆಯ ಮೇಲೆ ಸಗಣಿ ಇದ್ದರೆ ಹುಳು ಹೆಚ್ಚುತ್ತವೆ, ಕೆರೆದು ಸುಣ್ಣ ಹೊಡೆಯಿರಿ ಎಂದಿತ್ತು. ನಮ್ಮ ಗೋಡೆಯ ಮೇಲೆ ಆರು ಬೆರಣಿಗಳಿದ್ದವು. ಹೆಂಡತಿ ಹೊಳೆಗೆ ಬಟ್ಟೆ ಒಗೆಯಲು ಹೋದ ಸಮಯ ನೋಡಿ ಆರನ್ನೂ ಕಿತ್ತು ಹಂಡೆಯ ಒಲೆಗೆ ಹಾಕಿದೆ. ಸುಣ್ಣವೂ ಆಯಿತು, ಬಿಸಿನೀರೂ ಆಯಿತು. ಹದವಾಗಿ ಮಿಂದು, ಶಾಭಾಸ್‌ಗಿರಿಗಾಗಿ ಬಾಗಿಲಲ್ಲೇ ಕಾದು ನಿಂತೆ.

ಅವಳು ಬಂದು ಬಿಳಿ ಗೋಡೆಯನ್ನು ಕೈಯಿಂದ ಸವರಿ ನೋಡಿದಳು.

"ಇಲ್ಲಿದ್ದವು ಏನಾದ್ವು?"

"ಒಲೆಗೆ ಹಾಕಿದೆ. ನೀರು ಕಾದಿದೆ, ಮೀಯಿ ಹೋಗು."

ಒದ್ದೆ ಬಟ್ಟೆಯ ಕುಕ್ಕೆಯನ್ನು ಇಳಿಸಿ ಅಲ್ಲೇ ಕುಳಿತುಬಿಟ್ಟಳು. "ನಮ್ಮವ್ವನ ಕುಂಬಳದ ಬೀಜ ಕಣ್ರೀ ಅವು."

ಹುಳು ಹಿಡಿಯದಿರಲೆಂದು ಬೀಜವನ್ನು ಸಗಣಿಯಲ್ಲಿ ಸೇರಿಸಿ ಗೋಡೆಗೆ ತಟ್ಟಿಡುವುದು ಭೇರ್ಯದ ನಮ್ಮ ಅತ್ತೆಯ ಪದ್ಧತಿ. ಅತ್ತೆ ಹಿಂದಿನ ದೀಪಾವಳಿಯಲ್ಲಿ ತೀರಿಕೊಂಡಿದ್ದರು. ತವರಿನಲ್ಲಿ ಆಮೇಲೆ ಯಾರೂ ಬಳ್ಳಿ ಹಾಕಲಿಲ್ಲ. ಉಳಿದಿದ್ದ ಬೀಜವನ್ನೆಲ್ಲ ಇವಳು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಪಿತೃಪಕ್ಷದಲ್ಲಿ ಅವ್ವನ ಮೊದಲ ಎಡೆಗೆ ಅವ್ವನದೇ ಕುಂಬಳ ಕಳಿಸಬೇಕೆಂಬುದು ಅವಳ ಆಸೆ. ಅವಳು ಅದನ್ನು ತಟ್ಟುವಾಗ ನಾನು ಪಕ್ಕದ ಜಗಲಿಯಲ್ಲೇ ಕೂತಿದ್ದೆ. ಪತ್ರಿಕೆ ಓದುತ್ತಿದ್ದೆನಾದ್ದರಿಂದ ತಲೆ ಎತ್ತಿರಲಿಲ್ಲ. ಅವಳು ಬೈದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. ಎದ್ದು ಬಟ್ಟೆ ಹರವಲು ಹೋದಳು.

ಭರಣಿ ಮಳೆಗೆ, ಅವಳು ಕುಂಬಳ ಹಾಕಬೇಕೆಂದಿದ್ದ ಜಾಗದಲ್ಲಿ ನಾನು ಕೋಸು ಹಾಕಿದೆ. ಓದಿದ್ದ ರೋಗಗಳೆಲ್ಲ ಒಂದೂ ತಪ್ಪದೆ ಬಂದವು. ಪಕ್ಕದ ಮನೆಯ ಸಿದ್ದೇಗೌಡರು ಬೇಲಿಯಾಚೆ ನಿಂತು, "ಮೇಷ್ಟ್ರೇ, ದನಕ್ಕಾದ್ರೂ ಆಯ್ತದಾ ಇದು?" ಎಂದರು. ಅವರ ದನವೂ ಮೂಸಿ ನೋಡಿ ಹೋಯಿತು. ಪಿತೃಪಕ್ಷದಲ್ಲಿ ತವರಿಗೆ ಸಂತೆಯ ಕುಂಬಳ ಹೋಯಿತು. ಅವಳು ಅದನ್ನು ಆರಿಸಲೂ ಇಲ್ಲ, ನಾನೇ ಆರಿಸಿದೆ.

ಆಮೇಲಿನ ಸಂಚಿಕೆಯಲ್ಲಿ ಯಾರೋ ಓದುಗರು, ಕುಂಬಳದ ಬೀಜವನ್ನು ಕೆಡದಂತೆ ಇಡುವುದು ಹೇಗೆ ಎಂದು ಕೇಳಿದ್ದರು; ಬಲ್ಲವರು ಉತ್ತರ ಬರೆದು ಕಳಿಸಿ ಎಂದಿತ್ತು. ಹೆದರುತ್ತಲೇ ಹೆಂಡತಿಯನ್ನು ಕೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮುಖ ಎತ್ತದೆ ಹೇಳಿದಳು: "ಸಗಣೀಲಿ ತಟ್ಟಿ ಗ್ವಾಡೆಗೆ ಅಂಟ್ಸಿ ಅಂತ ಬರೀರಿ. ಓದು ಬಲ್ಲ ಗಂಡಸ್ರ ಕೈಗೆ ಸಿಗದಂಗೆ ನೋಡ್ಕಳಿ ಅಂತ್ಲೂ ಬರೀರಿ."

ಮೊದಲನೆಯದನ್ನು ಬರೆದು ಕಳಿಸಿದೆ. ಜಾಗ ಸಾಲದೆಂದು ನೆಪ ಹೇಳಿಕೊಂಡು ಎರಡನೆಯದನ್ನು ಬಿಟ್ಟೆ. ಪತ್ರಿಕೆಯವರು ಅದನ್ನು ನನ್ನ ಹೆಸರಿನಲ್ಲೇ ಅಚ್ಚು ಹಾಕಿದರು. ಹೆಸರಿನ ಕೆಳಗೆ 'ಅನುಭವಸ್ಥರು' ಎಂದಿತ್ತು.